ಕಿರುಬೆರಳಿನ ಚಾವಿಗೆ ಕಟ್ಟಿದ ಕೆಂಪು ದಾರ

ಶಹಾಪುರ
14 ನವೆಂಬರ್ 2025, ಶುಕ್ರವಾರ

ಪ್ರಿಯ ತರನ್ನುಮ,

ಯಾದಗಿರಿ, ಶಹಾಪುರ, ಸುರಪುರ ಮೂರೂ ತಾಲ್ಲೂಕುಗಳ ಸಮಸ್ತ ನಾಗರಿಕರಿಗೂ, ಕೃಷ್ಣೆ ಭೀಮೆಯರ ನಡುವೆ ಬಾಳುತ್ತಿರುವ ಸಕಲ ಜೀವರಾಶಿಗೂ, ವಿಶೇಷವಾಗಿ ರಾಟರ್‌ಡ್ಯಾಮ್ ನಗರದಲ್ಲಿ ವಾಸವಾಗಿರುವ ನಿನಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ಇಂದು ಬೆಳಿಗ್ಗೆ ಹತ್ತೂಕಾಲು ಗಂಟೆಗೆ ಸರಿಯಾಗಿ ನಾನು ನನ್ನ ಪೆನ್ನಿಗೆ ಹೊಸ ರೀಫಿಲ್ ಹಾಕಿದೆ. ಬಣ್ಣ ನೀಲಿ. ಸಮಾರಂಭಕ್ಕೆ ನನ್ನ ಧರ್ಮಪತ್ನಿ ಭಾರತಿ ಒಬ್ಬಳೇ ಹಾಜರಿದ್ದಳು. "ಅದಕ್ಕೇನು ತೆಂಗಿನಕಾಯಿ ಒಡೀಲೇನು?" ಎಂಬುದು ಆಕೆ ಮಾಡಿದ ಉದ್ಘಾಟನಾ ಭಾಷಣ.

ನಗಬೇಡ. ಹಿಂದಿನ ರೀಫಿಲ್ ತೀರಿಹೋಗಿ ಆರು ವರ್ಷವಾಗಿತ್ತು. ಆಮೇಲಿಂದ ನನ್ನ ಬರವಣಿಗೆಯೆಲ್ಲ ಹೆಬ್ಬೆರಳಿನದು. ಯಾದಗಿರಿಯ ವಾರಪತ್ರಿಕೆಗೆ ಬರೆಯುವ ‘ಅಡ್ಡಗಾಲು’ ಅಂಕಣವನ್ನು ಮೊಬೈಲಿನಲ್ಲೇ ಒತ್ತಿ ಕಳಿಸುತ್ತೇನೆ. ನನ್ನ ಪ್ರಿಂಟಿಂಗ್ ಅಂಗಡಿಯ ಮದುವೆ ಕಾರ್ಡುಗಳನ್ನು ಕಂಪ್ಯೂಟರ್ ಬರೆಯುತ್ತದೆ, ನಾನು ಹೆಸರು ತುಂಬುತ್ತೇನೆ, ತಪ್ಪು ಬಿದ್ದರೆ ಕಂಪ್ಯೂಟರಿನ ಮೇಲೆ ಹಾಕುತ್ತೇನೆ. ಆದರೆ ಅಕ್ಟೋಬರ್ ಮೂರಕ್ಕೆ ನೀನು ಕೇಳಿದ ಪ್ರಶ್ನೆಗೆ ಮೊಬೈಲಿನಲ್ಲಿ ಉತ್ತರ ಕೊಡಲು ಕೈ ಬರಲಿಲ್ಲ. ಮೂರು ಸಲ ಮಾತಾಡಿ ರೆಕಾರ್ಡ್ ಮಾಡಿ ಮೂರು ಸಲವೂ ಅಳಿಸಿದೆ. ಆರು ವಾರ ಒಂದು ಹೆಬ್ಬೆರಳಿನ ಚಿತ್ರ ಕಳಿಸಿ ಸುಮ್ಮನಿದ್ದೆ. ತಡವಾದದ್ದಕ್ಕೆ ಕ್ಷಮೆ ಇರಲಿ. ಈ ಕಾಗದದ ಫೋಟೊ ತೆಗೆದು ಇವತ್ತೇ ನಿನ್ನ ಮೊಬೈಲಿಗೆ ಹಾಕುತ್ತೇನೆ. ಮೂಲಪ್ರತಿ ನಿನ್ನ ಅಬ್ಬಾನ ಬಾಜಾದ ಪೆಟ್ಟಿಗೆಯಲ್ಲಿ ಬರುತ್ತದೆ. ಅಂದರೆ ಹೊಸ ರೀಫಿಲ್ಲಿನ ಖರ್ಚು ಪೂರಾ ದಂಡ ಎಂದು ಭಾರತಿ ಈಗಾಗಲೇ ಷರಾ ಬರೆದಿದ್ದಾಳೆ.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅಮ್ಮಿ ಚಮನಬೀ ಸುರಪುರದ ಮನೆಯಲ್ಲಿ ನಿನ್ನ ತಂಗಿ ಹುಮೇರಾಳ ಮೂರು ಮಕ್ಕಳನ್ನು ಏಕಕಾಲಕ್ಕೆ ಬೈಯುವಷ್ಟು ಗಟ್ಟಿಯಾಗಿದ್ದಾರೆ. ಹುಮೇರಾ ಹೊಲಿಗೆ ಮಷೀನು ಇನ್ನೊಂದು ತಂದಿದ್ದಾಳೆ. ನನ್ನ ಅವ್ವ ಭೀಮವ್ವ ದೇವಾಪುರ ಬಿಟ್ಟು ನಮ್ಮ ಮನೆಗೆ ಬರಲು ಒಪ್ಪಿಲ್ಲ. ಶಹಾಪುರದಲ್ಲಿ ಕುರಿ ಇಲ್ಲವಂತೆ, ಬರೀ ಮಂದಿ ಇದ್ದಾರಂತೆ.

ಇನ್ನು ನಿನ್ನ ಪ್ರಶ್ನೆ. ಮುಂದೆ ನಿನ್ನ ಮೊಮ್ಮಕ್ಕಳು ಈ ಕಾಗದ ಓದಿದರೆ ತಿಳಿಯಲಿ ಎಂದು ಅದನ್ನು ದಾಖಲೆಗೆ ಬರೆದಿಡುತ್ತೇನೆ. ನಿನ್ನ ನಾಲ್ಕನೆಯ ಆಲ್ಬಮ್ಮಿನ ಕೊನೆಯ ಹಾಡನ್ನು ನಿನ್ನ ಅಬ್ಬಾನ ಹಳೆಯ ಸ್ಯಾಕ್ಸೊಫೋನಿನ ಮೇಲೆ ನುಡಿಸಬೇಕು, ಆದ್ದರಿಂದ ಅದನ್ನು ಕಳಿಸಬೇಕು. ಇದು ಒಂದು. ಆಲ್ಬಮ್ಮಿನ ಜೊತೆ ಬರುವ ಪುಸ್ತಿಕೆಯಲ್ಲಿ ಆ ಬಾಜಾದ ಕಥೆ ಹಾಕುತ್ತಾರೆ, ಅದಕ್ಕೆ ಎಡಗೈ ಕಿರುಬೆರಳಿನಿಂದ ಒತ್ತುವ ಚಾವಿ ಹೇಗೆ ಮುರಿಯಿತೆಂದು ನಾನು ಪತ್ತೆ ಮಾಡಬೇಕು. ಇದು ಎರಡು. ನಿನ್ನ ಮಾತು ಇದ್ದದ್ದು ಹೀಗೆ: "ಬಾಲ್ಯಾ, ದಾರ ಕಟ್ಟಿದಾಂವ ಅಬ್ಬಾ. ಹಂಗಂದ್ರ ಮುರಿದಾಂವನೂ ಅಬ್ಬಾ. ಆದ್ರ ಅಬ್ಬಾನ ಕೈಯಿಂದ ಚಹಾದ ಕಪ್ ಸೈತ ಬಿದ್ದಿದ್ದು ನಾ ನೋಡಿಲ್ಲ. ಹೆಂಗ ಮುರಿದ್ರು?"

ಕೇಳಬೇಕಾದ ಪ್ರಶ್ನೆಯೇ. ರಂಗಂಪೇಟೆಯ ಮನ್ಸೂರ ಬ್ರಾಸ್ ಬ್ಯಾಂಡಿನ ಕಾನೂನು ನಿನಗೂ ಗೊತ್ತು, ನನಗೂ ಗೊತ್ತು. ಬಾಜಾ ಮುರಿದವನು ಎಲ್ಲರೆದುರು, ಬಾಜಾಗಳನ್ನಿಡುವ ಚಾದರದ ಮೇಲೆ ಕೂತು ತನ್ನ ಕೈಯಿಂದಲೇ ಅದಕ್ಕೆ ಕೆಂಪು ದಾರ ಕಟ್ಟಬೇಕು. ಆ ಮದುವೆ ಸೀಸನ್ ಮುಗಿಯುವವರೆಗೆ ಆ ಬಾಜಾ ಮುಟ್ಟುವಂತಿಲ್ಲ. ಮೆರವಣಿಗೆಯಲ್ಲಿ ತಲೆಯ ಮೇಲೆ ಗ್ಯಾಸ್‌ಬತ್ತಿ ಹೊತ್ತು ನಡೆಯಬೇಕು. ಸೀಸನ್ ಮುಗಿದ ಮೇಲೆ ತಾನೇ ಗಂಟು ಬಿಚ್ಚಿ ರಿಪೇರಿ ಮಾಡಿಸಬೇಕು. ನಿನ್ನ ಅಬ್ಬಾ ಅಂದರೆ ನಮ್ಮ ಉಸ್ತಾದ ಮನ್ಸೂರಅಲಿಯವರು 1998ರಲ್ಲಿ ಎಲ್ಲರೆದುರು ಕೂತು ದಾರ ಕಟ್ಟಿದರು. ಸೀಸನ್ ಪೂರಾ ಬತ್ತಿ ಹೊತ್ತರು. ಆದರೆ ಗಂಟು ಮಾತ್ರ ಬಿಚ್ಚಲಿಲ್ಲ. ಒಂಬತ್ತು ವರ್ಷದ ಹಿಂದೆ ತೀರಿಕೊಳ್ಳುವವರೆಗೂ ಬಿಚ್ಚಲಿಲ್ಲ.

ಆ ಗಂಟಿನಿಂದ ಏನಾಯಿತು ಎಂಬುದನ್ನು ಈಗ ಜಗತ್ತಿನ ಸಂಗೀತ ವಿಮರ್ಶಕರು ಬರೆಯುತ್ತಿದ್ದಾರೆ. ಒಂದು ಚಾವಿ ಕಟ್ಟಿದ್ದರಿಂದ ಒಂದು ಸ್ವರ ಬಾಜಾದಲ್ಲಿ ಇಲ್ಲವೇ ಇಲ್ಲ. ಹದಿನೈದು ವರ್ಷದ ನೀನು ಆ ಇಲ್ಲದ ಸ್ವರವನ್ನು ಮೇಲಿನ ಸ್ವರದಿಂದ ತುಟಿ ಸಡಿಲಿಸಿ ಜಾರಿಸಿ ಜಾರಿಸಿ ಹಿಡಿದೆ. ಈಗ ನಿನ್ನ ಬಳಿ ಎಲ್ಲ ಚಾವಿಗಳೂ ನೆಟ್ಟಗಿರುವ, ಹೊಳೆಯುವ ಬಾಜಾ ಇದೆ. ಆದರೂ ಆ ಸ್ವರ ಬಂದಾಗ ನಿನ್ನ ಕಿರುಬೆರಳು ಮೇಲೆಯೇ ನಿಲ್ಲುತ್ತದೆ, ತುಟಿ ಜಾರುತ್ತದೆ. ಎಲ್ಲ ಫೋಟೊಗಳಲ್ಲೂ ಆ ಬೆರಳು ಎದ್ದೇ ಇರುತ್ತದೆ. "ಆ ಬೆರಳಿಗೇನು ಗಾಯ ಆಗ್ಯದೇನ್ರಿ? ಒಂದು ಪಟ್ಟಿಯರ ಸುತ್ತಬಾರದಾ?" ಎಂದು ಭಾರತಿ ಕೇಳುತ್ತಾಳೆ. ಅದೇ ನಿನ್ನ ಶೈಲಿ, ಅದಕ್ಕಾಗಿಯೇ ಜನ ಟಿಕೆಟ್ ತೆಗೆದುಕೊಂಡು ಬರುತ್ತಾರೆ ಎಂದು ಹೇಳಿದ್ದೇನೆ. ನಂಬಿದಂತೆ ಕಾಣಲಿಲ್ಲ.

ಕೊಳಲಿನ ಸಂಗತಿಯೂ ಹೇಳಿಬಿಡುತ್ತೇನೆ. ಹೋದ ತಿಂಗಳು ದೇವಾಪುರಕ್ಕೆ ಹೋದಾಗ ಅವ್ವನಿಗೆ ನಿನ್ನ ಹೊಸ ವಿಡಿಯೊ ತೋರಿಸಿದೆ. ದೊಡ್ಡ ಸಭಾಂಗಣ, ಕರಿ ಕೋಟಿನ ಜನ, ಪಿಯಾನೊದವನು ನಿಲ್ಲಿಸಿದ ಮೇಲೆ ನೀನು ಸ್ಯಾಕ್ಸೊಫೋನ್ ಕೆಳಗಿಟ್ಟು ಬಿದಿರು ಕೊಳಲು ಎತ್ತಿಕೊಂಡೆ. ಸಭೆ ಕಣ್ಣು ಮುಚ್ಚಿ ಕೂತಿತು. ಅವ್ವ ಮೊಬೈಲನ್ನು ಕಿವಿಗೆ ಹಿಡಿದು ಪೂರ್ತಿ ಕೇಳಿ ಹೇಳಿದಳು: "ಇದು ಕುರಿ ನೀರಿಗಿ ಕರಿಯೋ ಧಾಟಿ ಅಲ್ಲೇನೋ? ನಿಮ್ಮ ಮುತ್ಯಾ ಹಳ್ಳದ ದಂಡಿಮ್ಯಾಗ ಊದತಿದ್ದ. ಅಲ್ಲೋ ಬಾಲ್ಯಾ, ಅಷ್ಟು ಛಂದ ಕರದ್ರೂ ಆ ಮಂದಿ ಯಾಕ ಕುಂತಾರ? ಏಳವಲ್ಲರಲ್ಲ!" ಒಂದು ಜಾಝ್ ಕಛೇರಿಗೆ ಇದಕ್ಕಿಂತ ಖಚಿತವಾದ ವಿಮರ್ಶೆ ನಾನು ಓದಿಲ್ಲ. ಪ್ರತಿ ಗುರುವಾರ ಬ್ಯಾಂಡಿನ ತಾಲೀಮಿಗೆ ನಿಮ್ಮ ಅಂಗಳದಲ್ಲಿ ಸೇರಿದಾಗ ನಾನು ನಿನಗೆ ಕೊಳಲು ಹೇಳಿಕೊಡುತ್ತಿದ್ದೆ, ಬದಲಿಗೆ ನಿನ್ನ ಅಬ್ಬಾ ನನಗೆ ಸ್ಯಾಕ್ಸೊಫೋನ್ ಹೇಳಿಕೊಡುತ್ತಿದ್ದರು. ಆ ದಿನಗಳಲ್ಲಿ ಕುರುಬರ ಹುಡುಗನಾದ ನನ್ನ ಉಡಿದಾರಕ್ಕೆ ಮುಳ್ಳು ಕೀಳುವ ಚಿಮಟ ಸದಾ ನೇತಾಡುತ್ತಿತ್ತು. ನೀನು ಬರಿಗಾಲಲ್ಲಿ ಓಡಾಡಿ ಜಾಲಿಮುಳ್ಳು ತುಳಿದು ಬಂದು ಕಾಲು ಚಾಚುತ್ತಿದ್ದೆ. ನಾನು ಕಿತ್ತುಕೊಡುತ್ತಿದ್ದೆ. ನೆನಪಿರಬೇಕು.

ಇರಲಿ. ನಿನ್ನ ಆದೇಶ ಶಿರಸಾವಹಿಸಿ ಏಕಸದಸ್ಯ ತನಿಖಾ ಆಯೋಗ ರಚಿಸಲಾಯಿತು. ಅಧ್ಯಕ್ಷ ನಾನು, ಸದಸ್ಯ ನಾನು, ವಾಹನ ನನ್ನ ಸ್ಕೂಟರ್. ಭತ್ಯೆ ಅಂದರೆ ಸಾಕ್ಷಿಗಳು ಕುಡಿಸಿದ ಚಹಾ.

ಮೊದಲ ಸಾಕ್ಷಿ ಯಾದಗಿರಿಯ ಫಕೀರಸಾಬ. ನಮ್ಮ ಬ್ಯಾಂಡಿನ ದೊಡ್ಡ ಡೋಲಿನವರು. ಡೀಜೆ ಲಾರಿಗಳು ಬಂದು ಬ್ಯಾಂಡುಗಳು ಮುಚ್ಚಿದ ಮೇಲೆ ಸ್ಟೇಷನ್ ರಸ್ತೆಯಲ್ಲಿ ಚಹಾದಂಗಡಿ ಇಟ್ಟಿದ್ದಾರೆ. ಈಗಲೂ ಸಕ್ಕರೆ ಡಬ್ಬಿಯ ಮೇಲೆ ಎರಡು ಪೆಟ್ಟು ಹಾಕಿಯೇ ಮುಚ್ಚಳ ತೆಗೆಯುತ್ತಾರೆ. ನಿನ್ನ ವಿಡಿಯೊ ತೋರಿಸಿದೆ.

"ಇದಕ್ಕ ಏನಂತಾರ?"

"ಜಾಝ್ ಅಂತಾರ, ಚಾಚಾ."

"ಇದರಾಗೇನದ ಹೊಸಾದು? ಹೆಣ್ಣಿನ ಕಡ್ಯಾವ್ರು ತಡ ಮಾಡಿದಾಗ ನಾವು ಮಾಡತಿದ್ದಿಲ್ಲೇನು? ಬಂದ ಹಾಡೆಲ್ಲಾ ಮುಗಿತಿದ್ದವು. ಮದುಮಗ ಕುದುರಿ ಮ್ಯಾಲ ಬೆವರತಿದ್ದ. ನಿಲ್ಲಿಸಿದ್ರ ಮಂದಿ ಬೈತಾರ. ಅದಕ್ಕ ಅದ ಹಾಡು ತಿರುವಿ ಹಾಕಿ, ಮುರಿಗಿ ಹಾಕಿ, ಒಂದು ಸಲ ನೀ, ಒಂದು ಸಲ ನಾ. ಹೆಣ್ಣಿನ ಕಡ್ಯಾವ್ರು ಬರೂತನಕಾ ಇದಾ. ಆಕಿಗಿ ಹೇಳು, ರಾಟರ್‌ಡ್ಯಾಮಿನ್ಯಾಗೂ ಹೆಣ್ಣಿನ ಕಡ್ಯಾವ್ರು ಭಾಳ ತಡ ಮಾಡ್ಯಾರಂತ."

ಇದನ್ನು ನಿನ್ನ ಪುಸ್ತಿಕೆಗೆ ಹಾಗೇ ಕೊಡಬಹುದು. ಆಮೇಲೆ ಮುಖ್ಯ ಪ್ರಶ್ನೆ ಕೇಳಿದೆ. ಫಕೀರಸಾಬರು ಚಹಾ ಸೋಸುವುದನ್ನು ನಿಲ್ಲಿಸಿದರು.

"ಉಸ್ತಾದ ಕಟ್ಟ್ಯಾರ, ಉಸ್ತಾದ ಮುರಿದಾರ. ಮುಗೀತು. ಹೆಂಗಂತ ಕೇಳ್ತಿ? ಕಕ್ಕೇರಾದಾಗ ಒಂದು ಹೋತ ಹಾಯ್ದಿತ್ತಲ್ಲ, ಅದಾ ಇರಬೇಕು. ಇಷ್ಟುದ್ದ ಕೋಡು."

"ನೀವು ಕಣ್ಣಾರೆ ನೋಡೀರೇನು?"

"ನೋಡಿಲ್ಲ. ಆದ್ರ ಹೋತನ ಮಾರಿ ನೋಡಿದ್ರ ಅಂಥಾದ್ದು ಅನಸ್ತಿತ್ತು."

ಆಮೇಲೆ ಅವರು ಬತ್ತಿಯ ಮಾತು ತೆಗೆದರು. "ನಲವತ್ತೈದು ವರ್ಷದ ಮನಷ್ಯಾ, ಸುತ್ತ ಹತ್ತೂರಿಗಿ ಉಸ್ತಾದ. ಬತ್ತಿ ಹೊತ್ತು ಮುಂದ ನಡದ್ರು. ನಾವು ಹಿಂದ ಬಾರಸ್ತಿದ್ವಿ, ಸ್ಯಾಕ್ಸೊಫೋನಿನ ಜಾಗಾ ಖಾಲಿ. ಯಾರಿಗೂ ನಿಲ್ಲಗೊಡಲಿಲ್ಲ ಅಲ್ಲಿ. ನಾ ಒಂದಿನ ಅಂದೆ, ‘ಉಸ್ತಾದ, ನೀವಾ ಬಾರಸ್ರಿ, ಕಾನೂನು ಮಾಡಿದಾವ್ರು ನೀವಾ ಅಲ್ಲೇನು?’ ಅಂತ. ‘ಅದಕ್ಕಾ ಹೊತ್ತೇನಿ’ ಅಂದ್ರು." ಇಷ್ಟು ಹೇಳಿ ಫಕೀರಸಾಬರು ನನಗೆ ಎರಡನೆಯ ಚಹಾ ಕೊಡಲಿಲ್ಲ, ತಾವೇ ಕುಡಿದರು.

ಎರಡನೆಯ ಸಾಕ್ಷಿ ಮುದನಾಳದ ಮಲ್ಲಿಕಮ್ಮ. ಆ ವರ್ಷದ ಸೀಸನ್ನಿನ ಮೊದಲ ಮದುವೆ ಆಕೆಯದು. ಈಗ ಆಕೆಯ ಮಗಳ ಮದುವೆ ಕಾರ್ಡು ನನ್ನ ಅಂಗಡಿಯಲ್ಲೇ ಆಗುತ್ತಿದೆ. ಹೊಲದಲ್ಲಿ ಹತ್ತಿ ಬಿಡಿಸುತ್ತಿದ್ದವಳು ಉಡಿ ತುಂಬ ಹತ್ತಿ ಇಟ್ಟುಕೊಂಡೇ ಸಾಕ್ಷಿ ಹೇಳಿದಳು. ಬಾಜಾ ಮುರಿದದ್ದು ಆಕೆಯ ಮದುವೆಯಲ್ಲೇ ಅಂತೆ, ಅದನ್ನು ಒದ್ದದ್ದು ಮದುಮಗನ ಕುದುರೆ ಅಂತೆ.

"ಆದ್ರ ಅವ್ವಾ, ನಿನ್ನ ಮದುವ್ಯಾಗ ಉಸ್ತಾದ ಆಗಲೇ ಬತ್ತಿ ಹೊತ್ತಿದ್ರಲ್ಲ?"

"ಹೌದಲ್ಲಾ! ಫೋಟೊದಾಗ ಅದಾರ." ಉಡಿಯ ಹತ್ತಿ ಸರಿಮಾಡಿಕೊಂಡಳು. "ಹಂಗಾದ್ರ ಅದಕ್ಕೂ ಮದ್ಲ ಒದ್ದಿರಬೇಕದು. ಅದರ ಹಲ್ಕಟ್ ಬುದ್ಧಿ ನಿಮಗ ಗೊತ್ತಿಲ್ಲ. ಬರೀರಿ, ನನ್ನ ಹೆಸರು ಬರೀರಿ ಆ ಪುಸ್ತಕದಾಗ. ಮಲ್ಲಿಕಮ್ಮನ ಮದುವ್ಯಾಗ ಮುರೀತು ಅಂತ. ನಿಮಗೇನು ಗಂಟು ಹೋಗ್ತದ?"

ತರನ್ನುಮ, ನಿನ್ನ ಹೆಸರು ಮೊಬೈಲುಗಳಲ್ಲಿ ಓಡಾಡಲು ಶುರುವಾದ ಮೇಲೆ ಆ ಬಾಜಾ ಮೂರೂ ತಾಲ್ಲೂಕುಗಳಲ್ಲಿ ಕನಿಷ್ಠ ಒಂಬತ್ತು ಕಡೆ ಮುರಿದಿದೆ. ಎಲ್ಲರಿಗೂ ಅದು ತಮ್ಮ ಮನೆಯ ಮುಂದೆಯೇ ಮುರಿಯಬೇಕು. ಮುರಿದವರು ಮಾತ್ರ ಯಾರೂ ಇಲ್ಲ. ಹೋತ ಇದೆ, ಕುದುರೆ ಇದೆ, ದೇವಾಪುರದ ಒಬ್ಬರ ಪ್ರಕಾರ ಸಿಡಿಲೂ ಇದೆ.

ಹೋದ ಗುರುವಾರ ಸುರಪುರಕ್ಕೆ ಹೋದೆ. ಅಮ್ಮಿ ಗೋಡೆಯ ಮೇಲಿನ ಬಾಜಾದ ಪೆಟ್ಟಿಗೆ ಇಳಿಸಿಕೊಟ್ಟು, "ಮದ್ಲ ಗಯಾಸಗ ತೋರ್ಸಿ ಬಾ. ಅಷ್ಟು ದೂರ ಹೋಗೂದು ತಡೀತದೋ ಇಲ್ಲೋ ನೋಡಲಿ. ಊಟಕ್ಕ ಇಲ್ಲೇ ಬಾ" ಅಂದರು. ಗಯಾಸ ಗೊತ್ತಲ್ಲ, ಬಜಾರಿನಲ್ಲಿ ಹೊಲಿಗೆ ಮಷೀನು ರಿಪೇರಿ ಮಾಡುವವನು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಊರಿನ ಜೊತೆ ವ್ಯವಹರಿಸುತ್ತಾನೆ. ಬಾಜಾವನ್ನು ಮಗುವಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು ದಾರದ ಸಂದಿಯಲ್ಲಿ ಇಣುಕಿದ.

"ಹೋತಾ ಹಾಯ್ದದಂದ್ರು?"

"ಹೌದು. ಇಲ್ಲಾ ಕುದುರಿ."

"ಹೋತಾ ಹಾಯ್ದಿದ್ರ ಚಾವಿ ಬಗ್ಗತಿತ್ತು. ಚಾವಿ ನೋಡು, ನಿಕಾ ಮಾಡಿಕೊಂಡ ದಿನದಂಗ ನೆಟ್ಟಗದ. ಬಿದ್ದೂ ಇಲ್ಲ, ಒದ್ದೂ ಇಲ್ಲ. ಇದರ ಕೆಳಗ ಸೂಜಿಯಂಥಾ ಒಂದು ಸ್ಪ್ರಿಂಗ್ ಇರ್ತದ, ಚಾವಿ ಒತ್ತಿ ಹಿಡಿಯೋದು. ಅದನ್ನ ಯಾರೋ ಕಿತ್ತಾರ. ಚಿಮಟದಲೆ. ಇಲ್ಲಿ ನೋಡು, ಎರಡು ಹಲ್ಲಿನ ಗುರ್ತು. ಇದು ಜಾನುವಾರಿನ ಕೆಲಸ ಅಲ್ಲ ಬಾಲಪ್ಪಣ್ಣ. ಮನಷ್ಯಾರ ಕೆಲಸ. ಗೊತ್ತಿದ್ದಾವ್ರ ಕೆಲಸ."

"ರಿಪೇರಿ?"

"ಹೊಲಿಗಿ ಸೂಜಿ ಒಂದು ಮುರಿದು ಕೂಡ್ಸಿದ್ರ ಎರಡು ನಿಮಿಷ. ಈಗಾ ಬಿಚ್ಚಲೇನು?"

ಬೇಡ ಅಂದೆ. ಅವನು ಭೂತಗನ್ನಡಿ ತೆಗೆಯದೆ ನನ್ನನ್ನು ನೋಡಿದ. ಆ ಗಾಜಿನ ಹಿಂದಿನಿಂದ ನಾನು ಎಷ್ಟು ದೊಡ್ಡದಾಗಿ ಕಂಡೆನೋ ಗೊತ್ತಿಲ್ಲ. ಒಂದು ಸೂಜಿಯನ್ನು ಕಾಗದದಲ್ಲಿ ಸುತ್ತಿ ನನ್ನ ಅಂಗಿಯ ಜೇಬಿಗೆ ಹಾಕಿದ. "ಬೇಕಾದಾಗ ಬಾ" ಎಂದ.

ಅಲ್ಲಿಂದ ಅಮ್ಮಿಯ ಮನೆಗೆ ಊಟಕ್ಕೆ ಹೋದೆ. ಜೋಳದ ರೊಟ್ಟಿ, ಪುಂಡಿಪಲ್ಯ, ನನಗಾಗಿ ಬೇರೆಯಾಗಿ ಮಾಡಿದ ಹೆಸರುಬೇಳೆ. ಊಟದ ನಡುವೆ ಅಮ್ಮಿ ಏನು ಹೇಳಿದರು ಎಂಬುದನ್ನು ಇಲ್ಲಿ ಬರೆಯಬೇಕಿತ್ತು. ಸಹಿ ಹಾಕಿದ ಮೇಲೆ ಬರೆಯುತ್ತೇನೆ. ಸಹಿಯ ಮೇಲಿನದೆಲ್ಲ ಅಂಕಣಕಾರ ಬರೆದದ್ದು, ಅವನಿಗೆ ಅದು ಬರೆಯಲು ಬರುವುದಿಲ್ಲ.

ಸಂಜೆ ಭಾರತಿಗೆ ಎಲ್ಲ ಹೇಳಿದೆ. ಆಕೆ ಅಕ್ಕಿ ಆರಿಸುವುದನ್ನು ನಿಲ್ಲಿಸದೆ, "ವಾರಾವಾರಾ ಊರಮಂದಿದೆಲ್ಲ ಬರೀತೀರಿ. ಇದೊಂದು ನಿಮ್ಮದು ಬರೀರಿ" ಅಂದಳು. ಮರುದಿನವೇ ರೀಫಿಲ್ ತಂದಿಟ್ಟವಳೂ ಅವಳೇ. ಮೇಲೆ ಉದ್ಘಾಟನೆಯಲ್ಲಿ ಇದನ್ನು ಮುಚ್ಚಿಟ್ಟಿದ್ದೆ.

ನಿನ್ನ ಆಲ್ಬಮ್ಮಿಗೆ ಒಳ್ಳೆಯದಾಗಲಿ. ಉಸಿರು ಗಟ್ಟಿಯಾಗಿರಲಿ, ತುಟಿ ಒಡೆಯದಿರಲಿ, ಅಲ್ಲಿಯ ಚಳಿ ನಿನ್ನ ಬೆರಳುಗಳನ್ನು ಬಿಟ್ಟು ಬೇರೆ ಯಾರನ್ನಾದರೂ ಹಿಡಿಯಲಿ. ಅವ್ವ ನಿನಗೆ ಹೇಳಲು ಹೇಳಿದ್ದು: ನೀರಿಗೆ ಕರೆಯುವ ಧಾಟಿಯ ಕೊನೆಯಲ್ಲಿ ಸಣ್ಣದೊಂದು ಸೀಟಿ ಇದೆಯಂತೆ, ನೀನು ಬಿಟ್ಟಿದ್ದೀಯಂತೆ. ಅದಿಲ್ಲದಿದ್ದರೆ ಹಿಂದುಳಿದ ಕುರಿ ಬರುವುದಿಲ್ಲವಂತೆ.

ನಿನ್ನ ಹಳೆಯ ಗೆಳೆಯ,
ಬಾಲಪ್ಪ

ಮರೆತ ಮಾತು:

ತರನ್ನುಮ, ಚಿಮಟ ನನ್ನದು.

1998ರ ಆ ಗುರುವಾರ ಉಸ್ತಾದ ಕಲಬುರಗಿ ರೇಡಿಯೊಕ್ಕೆ ಯಾರು ಹೋಗಬೇಕೆಂದು ಹೇಳಿದರು. ಯುವಕರ ಕಾರ್ಯಕ್ರಮಕ್ಕೆ ನಮ್ಮ ಬ್ಯಾಂಡಿನಿಂದ ಒಬ್ಬರಿಗೆ ಕರೆ ಮೊದಲೇ ಬಂದಿತ್ತು. ಮೂರು ವರ್ಷ ಕಲಿತಿದ್ದೆ. ನಾನೇ ಎಂದು ಅವ್ವನಿಗೆ ಹೇಳಿ, ಅವಳು ಕೇರಿಗೆಲ್ಲ ಹೇಳಿ, ಹೊಸ ಅಂಗಿಯೂ ಹೊಲಿಸಿ ಆಗಿತ್ತು. ಉಸ್ತಾದ, "ತರನ್ನುಮ ಹೋಗ್ತಾಳ" ಅಂದರು. "ಬೀದ್ಯಾಗ ಆಕಿ ಬಾರ್ಸಂಗಿಲ್ಲ, ಮಂದಿ ಬಿಡಂಗಿಲ್ಲ. ರೇಡಿಯೊದಾಗ ಮಾರಿ ಕಾಣ್ಸೂದಿಲ್ಲ. ಆಕಿಗಿರೋದು ಅದೊಂದಾ ದಾರಿ. ಬಾಲ್ಯಾಗ ಬೀದಿ ಅದ, ಇಡೀ ಬೀದಿ ಅದ." ಈಗ ಕೇಳಿದರೆ ಎಷ್ಟು ಸರಿಯಾದ ಮಾತು. ಆಗ ನನ್ನ ಕಿವಿಗೆ ಬಿದ್ದದ್ದು ‘ಬಾಲ್ಯಾ ಹೋಗಂಗಿಲ್ಲ’ ಎಂಬುದಷ್ಟೇ. ಎಲ್ಲರೂ ನಮಾಜಿಗೆ ಹೋದರು. ಅವರು ಬರುವತನಕ ಚಾದರದ ಮೇಲಿನ ಬಾಜಾಗಳನ್ನು ಕಾಯುವವನು ನಾನು. ಪ್ರತಿ ಗುರುವಾರವೂ ನಾನೇ. ನಿನ್ನ ಕಾಲಿನ ಮುಳ್ಳು ಕಿತ್ತ ಚಿಮಟದಿಂದಲೇ ಸ್ಪ್ರಿಂಗ್ ಕಿತ್ತು ಹಿತ್ತಲಿಗೆ ಒಗೆದೆ.

ಅವರು ಬಂದು ಊದಿದರು, ನಿಲ್ಲಿಸಿದರು. ಯಾರ ಕೈ ಎಂದು ಒಂದೇ ಸಲ ಕೇಳಿದರು, ಯಾರ ಮುಖವನ್ನೂ ನೋಡದೆ. ಆಮೇಲೆ ದಾರ ತರಿಸಿ ತಾವೇ ಕೂತು ಕಟ್ಟಿದರು. ನೀನು ಒಳಮನೆಯಲ್ಲಿದ್ದೆ. ಮುಂದಿನ ವಾರ ನೀನು ಆ ಕಟ್ಟಿದ ಬಾಜಾ ಹಿಡಿದುಕೊಂಡೇ ಕಲಬುರಗಿಗೆ ಹೋದೆ. ಅಲ್ಲಿಯ ಹಿರಿಯರು, ಆ ಜಾರು ಎಲ್ಲಿ ಕಲಿತೆ ಎಂದು ನಿನ್ನನ್ನು ಕೇಳಿದರು. ನಾನು ಹಲ್ಲುನೋವು ಎಂದು ಹೇಳಿ ಆ ಗುರುವಾರದ ನಂತರ ಬರಲಿಲ್ಲ. ಬಜಾರಿನ ಕಾರ್ಡ್ ಪ್ರೆಸ್ಸಿಗೆ ಸೇರಿಕೊಂಡೆ. ಇವತ್ತಿಗೂ ನನ್ನ ಹಲ್ಲುಗಳು ಒಂದೂ ಅಲ್ಲಾಡಿಲ್ಲ.

ಊರೂರು ತಿರುಗಿದ್ದು ಸತ್ಯ ಹುಡುಕಲು ಅಂದುಕೊಂಡೆಯಾ? ಸತ್ಯ ನನ್ನ ಮನೆಯಲ್ಲೇ ಇತ್ತು. ನಿನಗೆ ಕಳಿಸಲು ಒಂದು ಒಳ್ಳೆಯ ಸುಳ್ಳು ಸಿಗಲಿ ಎಂದು ತಿರುಗಿದೆ. ಕಕ್ಕೇರಾದ ಹೋತ ನನಗೆ ಬಹಳ ಹಿಡಿಸಿತ್ತು. ಅದನ್ನೇ ಬರೆಯುವವನಿದ್ದೆ.

ಊಟಕ್ಕೆ ಕೂತಾಗ ಅಮ್ಮಿ ಕೇಳಿದರು: "ಗಯಾಸ ಏನಂದ?"

"ಎರಡು ನಿಮಿಷದ ಕೆಲಸ ಅಂದ, ಅಮ್ಮಿ."

ರೊಟ್ಟಿ ನನ್ನ ತಟ್ಟೆಗೆ ಹಾಕುತ್ತ ಹೇಳಿದರು: "ಎರಡು ನಿಮಿಷದ ಕೆಲಸಕ್ಕ ಇಪ್ಪತ್ತೇಳು ವರ್ಷ ತಡ ಮಾಡಿದೆಲ್ಲೋ ಬಾಲ್ಯಾ."

ಅಮ್ಮಿ ನೀರು ಮುಂದಿಟ್ಟರು. "ಅವರಿಗಿ ಆವತ್ತಾ ಗೊತ್ತಿತ್ತು. ಕಾಯ್ತಿದ್ದಾಂವ ನೀನೊಬ್ಬಾಂವ ಅಲ್ಲೇನು? ನಾ ಅಂದೆ, ಅಂವನ್ನ ಕರದು ಕೇಳ್ರಿ ಅಂತ. ‘ಕೇಳಿದ್ರ ಹೌದಂತಾನ. ಹೌದಂದ್ರ ಅಂವಾ ಕಟ್ಟಬೇಕು, ಸೀಸನ್ ಪೂರಾ ಬಾಜಾ ಮುಟ್ಟಂಗಿಲ್ಲ. ಈಗ ಬಿಟ್ಟಂದ್ರ ಆ ಹುಡುಗನ ಕೈ ಹೋಗ್ತದ ಚಮನ. ನಾ ಬತ್ತಿ ಹೊರ್ತೀನಿ, ನನ್ನ ಜಾಗಾ ಖಾಲಿ ಇರ್ತದ. ನಾಳಿ ಬಂದು ನಿಲ್ತಾನ’ ಅಂದ್ರು. ಸೀಸನ್ ಮುಗದ ಮ್ಯಾಲ, ಈಗರ ಗಂಟು ಬಿಚ್ಚ್ರಿ ಅಂದೆ. ‘ಬಿಚ್ಚಾಂವ ಬರಲಿ’ ಅಂದ್ರು. ಕಡೀತನಕಾ ಅದಾ ಅಂದ್ರು."

ಫಕೀರಸಾಬ ಹೇಳಿದ ಖಾಲಿ ಜಾಗ ನನ್ನದು, ತರನ್ನುಮ.

ಅಮ್ಮಿಗೆ ಗೊತ್ತಿಲ್ಲದ ಒಂದು ಸಂಗತಿ ನಿನಗೆ ಹೇಳುತ್ತೇನೆ. ಆ ಸೀಸನ್ನಿನ ಒಂದು ಬುಧವಾರ, ಹೊತ್ತು ಮುಳುಗುವ ಸಮಯ, ಮೆರವಣಿಗೆ ಪ್ರೆಸ್ಸಿನ ಮುಂದೆ ಬಂತು. ನಾನು ಕೈಯಲ್ಲಿ ಕಾರ್ಡಿನ ಕಟ್ಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಎಲ್ಲರಿಗಿಂತ ಮುಂದೆ ಉಸ್ತಾದ, ತಲೆಯ ಮೇಲೆ ಗ್ಯಾಸ್‌ಬತ್ತಿ. ಬತ್ತಿ ಹೊತ್ತವನು ಕತ್ತು ತಿರುಗಿಸುವಂತಿಲ್ಲ, ಬೆಳಕು ಓಲಾಡುತ್ತದೆ. ಅವರು ನಿಂತರು, ಇಡೀ ಮೈ ನನ್ನ ಕಡೆ ತಿರುಗಿಸಿದರು. ಬೆಳಕೆಲ್ಲ ನನ್ನ ಮುಖದ ಮೇಲೆ ಬಿತ್ತು. "ಬಾಲ್ಯಾ, ನಾಳಿ ಗುರುವಾರ" ಅಂದರು. ಅಷ್ಟೇ ಅಂದು ಮುಂದೆ ಹೋದರು. ನಾನು ಹೋಗಲಿಲ್ಲ. ಯಾವ ಗುರುವಾರವೂ ಹೋಗಲಿಲ್ಲ.

ನಾನು ಕಿತ್ತದ್ದರಿಂದಲೇ ನಿನಗೆ ಆ ಜಾರು ಬಂತು ಎಂದು ಹೇಳಿಕೊಳ್ಳುವ ಆಸೆ ಈ ಆರು ವಾರದಲ್ಲಿ ಹಲವು ಸಲ ಆಯಿತು. ಅಂಕಣಕ್ಕೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಆ ಸ್ವರ ಹುಡುಕಿದವಳು ನೀನು. ಪುಸ್ತಿಕೆಯಲ್ಲಿ ಹೇಗಾದರೂ ಬರೆಸು, ಹೆಸರು ಹಾಕಿಯೇ ಬರೆಸು. ಉಸ್ತಾದರ ಕೈಯಿಂದ ಮುರಿಯಿತು ಎಂದು ಮಾತ್ರ ಬೇಡ. ಅವರು ಬತ್ತಿ ಹೊತ್ತದ್ದು ಸಾಕು.

ಬಾಜಾ ಈಗ ನನ್ನ ಮುಂದೆ ಮೇಜಿನ ಮೇಲಿದೆ. ಕೆಂಪು ದಾರ ಕಂದಾಗಿದೆ, ಗಂಟು ಹಾಗೇ ಇದೆ. ಗಯಾಸನ ಸೂಜಿ ಜೇಬಿನಲ್ಲಿದೆ. ನೀನು ಬಿಚ್ಚು ಅಂದರೆ ಈಗಲೇ ಬಿಚ್ಚುತ್ತೇನೆ, ಹಾಗೇ ಕಳಿಸು ಅಂದರೆ ಹಾಗೇ ಕಳಿಸುತ್ತೇನೆ. ನೀನು ಹೇಳದೆ ಮುಟ್ಟುವುದಿಲ್ಲ.

ಅದಕ್ಕೇ ಒಂದು ಸಣ್ಣ ಉಪಕಾರ ಆಗಬೇಕು. ಕೊರಿಯರ್‌ನವರು ಕೊಟ್ಟ ಫಾರಂನಲ್ಲಿ ನಿನ್ನ ವಿಳಾಸ, ನನ್ನ ವಿಳಾಸ, ತೂಕ ಎಲ್ಲ ತುಂಬಿದ್ದೇನೆ. ‘ವಸ್ತುವಿನ ಸ್ಥಿತಿ’ ಎಂಬಲ್ಲಿ ಎರಡು ಚೌಕ ಇವೆ: ಒಂದು ‘ಸರಿ ಇದೆ’, ಇನ್ನೊಂದು ‘ಮುರಿದಿದೆ’. ಯಾವುದಕ್ಕೆ ಗುರುತು ಹಾಕಲಿ, ಒಂದು ಸಾಲು ತಿಳಿಸು. ನಾಳೆ ಶನಿವಾರ, ಅವರು ಎರಡು ಗಂಟೆಗೆ ಬಾಗಿಲು ಹಾಕುತ್ತಾರೆ.